ಒಂಬತ್ತು ಚೀಟಿ, ಒಂದು ಹೆಸರು

"ಇನ್ನೊಂದ್ ತಂಬಿಗೆ ಹುಯ್ಯಮ್ಮಿ. ಕಾಲ್ಬೆರಳ ಸಂದೀಲಿ ಗದ್ದೆ ಮಣ್ಣು ಇನ್ನೂ ಅದೆ" ಎಂದಳು ಕುಮಾರಿ.

ಭಾನು ಹುಯ್ದಳು. ಹಟ್ಟಿ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದ ಚಿಕ್ಕನಿಂಗಮ್ಮನ ಮೈಮೇಲಿಂದ ನೀರು ಬೀದಿಗಿಳಿಯಿತು. ಮೂರು ದಿನದ ಜ್ವರ, ಅಷ್ಟೇ. ಹೋದ ವಾರ ನಾಟಿಗೆ ಹೋಗಿದ್ದ ಗಟ್ಟಿಗಿತ್ತಿ.

"ಸಣ್ಣ ಕೂಸಿನ ತಾಯಿ, ಆ ಹುಚ್ಚಿ ಹೆಣ ತೊಳಿಯಕೆ ನೀನೇ ಆಗ್ಬೇಕಾಗಿತ್ತಾ?" ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಅತ್ತೆ ಮಲ್ಲಮ್ಮ ಗೊಣಗಿದಳು. ಭಾನು ಹೆಣದ ಕೆನ್ನೆಗೆ ಅರಿಸಿನ ತಿಕ್ಕಿದಳು.

ಆ ಹೊತ್ತಿಗೆ ಚಾಮರಾಜನಗರದ ಬಸ್ಸಿಳಿದು ಒಬ್ಬ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಚೀಟಿಗಳ ಕಟ್ಟು. ಜನ ಸೇರಿದ್ದು ಕಂಡು ಚಪ್ಪಲಿ ದೂರವೇ ಬಿಟ್ಟ. ಹೆಸರು ಸಿದ್ದಾರ್ಥ, ಸಂತೆಮರಹಳ್ಳಿಯಲ್ಲಿ ಬಡ ಹೆಂಗಸರಿಗೆ ಮನಸ್ಸಿನ ಕಾಯಿಲೆಯ ಕ್ಯಾಂಪು ನಡೆಸುವ ಸಂಸ್ಥೆಯವನು. ಕ್ಯಾಂಪು ಹೇಗೆ ನಡೆದಿದೆ ಎಂದು ಮನೆಮನೆಗೆ ಹೋಗಿ ನೋಡಿ ವರದಿ ಬರೆಯುವುದು ಅವನ ಕೆಲಸ.

"ಉಮ್ಮತ್ತೂರಲ್ಲಿ ಚಿಕ್ಕನಿಂಗಮ್ಮ ಅನ್ನೋರು ಎಷ್ಟು ಜನ ಇದ್ದಾರೆ?" ಎಂದು ಚಟ್ಟ ಕಟ್ಟುತ್ತಿದ್ದ ಪುಟ್ಟಮಾದುವನ್ನು ಕೇಳಿದ.

ಸತ್ತವಳ ತಮ್ಮ ಪುಟ್ಟಮಾದು ತಲೆ ಎತ್ತಿದ. "ಇದ್ದೋಳು ಒಬ್ಳೇಯ, ನಮ್ಮಕ್ಕ. ಅಗೋ, ತೊಳೀತಾವ್ರೆ."

ಸಿದ್ದಾರ್ಥ ಪೆಚ್ಚಾದ. ಆದರೂ ಬಂದ ಕೆಲಸ ಬಿಡಲಾದೀತೇ? "ನಮ್ಮಲ್ಲಿ ಮಾತ್ರೆ ಕೊಟ್ಟಿದ್ದಕ್ಕೆ ಒಂಬತ್ತು ಚೀಟಿ ಇದೆ ಯಜಮಾನ್ರೇ. ಎಲ್ಲಾದ್ರಲ್ಲೂ ಇದೇ ಹೆಸರು. ಒಂದ್ರಲ್ಲಿ ವಯಸ್ಸು ಇಪ್ಪತ್ಮೂರು, ಇನ್ನೊಂದ್ರಲ್ಲಿ ಅರವತ್ತು! ಹಂಗಾದ್ರೆ ಎಂಟು ಸುಳ್ಳು. ಕ್ಯಾಂಪಿನ ನರ್ಸು, ಸಿಸ್ಟರ್ ಯಶೋದಮ್ಮ, ಕೂತಲ್ಲೇ ಇಲ್ಲದ ರೋಗಿಗಳನ್ನ ಬರ್ಕೊಂಡಿದ್ದಾರೆ. ಕ್ಯಾಂಪು ನಿಲ್ಲಿಸಿ, ಅವರನ್ನ ತೆಗೀರಿ ಅಂತ ಬರೀಬೇಕಾಗುತ್ತೆ."

ಅರಿಸಿನ ತಿಕ್ಕುತ್ತಿದ್ದ ಭಾನುವಿನ ಕೈ ನಿಂತಿತು. ಇಪ್ಪತ್ತಮೂರರ ಚೀಟಿ ಅವಳದು. ಕುಪ್ಪಸದೊಳಗಿನ ಪೊಟ್ಟಣದಲ್ಲಿ ಇನ್ನು ನಾಲ್ಕು ದಿನದ ಮಾತ್ರೆ ಉಳಿದಿತ್ತು.

*

ಎರಡು ವರ್ಷದ ಹಿಂದೆ ಇಪ್ಪತ್ತು ದಿನದ ಕೂಸನ್ನು ಎದೆಗವುಚಿಕೊಂಡು ಭಾನು ತೋಟದ ಬಾವಿಯ ಕಟ್ಟೆ ಹತ್ತಿದ್ದಳು. ಹನ್ನೊಂದು ದಿನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಕೂಸು ಅತ್ತರೆ ಯಾರೋ ಬೈದ ಹಾಗೆ ಕೇಳುತ್ತಿತ್ತು. ಹಿಂದಿನಿಂದ ಜಡೆ ಹಿಡಿದು ಎಳೆದವಳು ಹುಲ್ಲಿಗೆ ಬಂದಿದ್ದ ಚಿಕ್ಕನಿಂಗಮ್ಮ.

"ನಾನೂ ಇಂಗೇ ನಿಂತಿದ್ದೋಳು ಕಣಮ್ಮಿ. ಇದು ಕಾಯ್ಲೆ. ಮಾತ್ರೆಗೆ ಬಗ್ತದೆ."

"ಅತ್ತೆಗೆ ಗೊತ್ತಾದ್ರೆ ಕೂಸ ಕಿತ್ಕೊಂಡು ತವರಿಗೆ ಅಟ್ತಾರೆ ನಿಂಗವ್ವ."

"ನಿನ್ನೆಸ್ರು ಯಾಕ್ ಏಳ್ತೀಯೆ? ನನ್ನೆಸ್ರು ಏಳು. ನಂಗೆ ಹುಚ್ಚಿ ಅಂತ ಬಿರುದು ಬಂದು ಇಪ್ಪತ್ತೊರ್ಸ ಆಯ್ತು, ಗಂಡ ಬುಟ್ಟೂ ಆಯ್ತು. ಇನ್ನೇನ್ ಕಿತ್ಕತಾರೆ?"

ಕ್ಯಾಂಪು ಮೊದಲು ಬುಧವಾರ ನಡೆಯುತ್ತಿತ್ತು, ನೊಣ ಹೊಡೆಯುತ್ತಿತ್ತು. ಚಿಕ್ಕನಿಂಗಮ್ಮ ಡಾಕ್ಟರ ಮೇಜು ಕುಟ್ಟಿ ಜಗಳಕ್ಕೆ ನಿಂತಳಂತೆ: "ಕೂಲಿ ಬುಟ್ಟು ಯಾರ್ ಬಂದಾರು ಸ್ವಾಮಿ? ಸಂತೆ ದಿವ್ಸ ಕೂತ್ಕಳಿ. ಸಂತೆಗೆ ಓಯ್ತೀನಿ ಅಂದ್ರೆ ಯಾಕೆ ಅಂತ ಯಾರೂ ಕೇಳಕಿಲ್ಲ." ಡಾಕ್ಟರು ದಿನ ಬದಲಿಸಿದರು. ಭಾನು ಹೋದಳು, ಕುಮಾರಿ ಹೋದಳು, ಒಬ್ಬಳ ಬೆನ್ನಿಗೆ ಒಬ್ಬಳು. ಬರುವಾಗ ಚೀಲದಲ್ಲಿ ಸೊಪ್ಪು, ಸೊಪ್ಪಿನಡಿ ಮಾತ್ರೆ. ಒಂಬತ್ತು ಚೀಟಿಗೂ ಅದೊಂದೇ ಹೆಸರು. ಯಶೋದಮ್ಮ ಕಂಡೂ ಕಾಣದ ಹಾಗೆ ಬರೆದುಕೊಂಡರು.

*

ಚಿಕ್ಕನಿಂಗಮ್ಮನನ್ನು ಗುಂಡಿಗಿಳಿಸಿದ್ದಾಯಿತು. ತಮಟೆ ನಿಂತಿತು. ಒಬ್ಬೊಬ್ಬರೇ ಮೂರು ಹಿಡಿ ಮಣ್ಣು ಹಾಕಿದರು. ಸಿದ್ದಾರ್ಥನೂ ಹಾಕಿ ಕೈ ಮುಗಿದ. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯವನೇ ಕ್ಯಾಂಪು ಮುಚ್ಚುವುದಕ್ಕೆ ಹೊರಟಿದ್ದಾನಲ್ಲ!

ಅವನು ಬಸ್ಸಿಗೆ ಹೊರಡುವಂತೆ ತಿರುಗಿದಾಗ ಭಾನುವಿಗೆ ತಡೆಯಲಾಗಲಿಲ್ಲ.

"ನಿಂತ್ಕಳಿ ಸಾರ್. ಆ ಇಪ್ಪತ್ಮೂರರ ಚೀಟಿ ನಂದು. ನನ್ನೆಸ್ರು ಭಾನು."

ಸಿದ್ದಾರ್ಥ ಗಾಬರಿಯಾದ. "ಎಲ್ಲರೆದುರಿಗೆ ಹೇಳ್ಬೇಕಂತಿಲ್ಲಮ್ಮ. ಈ ಕಡೆ ಬನ್ನಿ."

"ಮರೇಲಿ ಇದ್ದೂ ಇದ್ದೂ ಸಾಕಾಗದೆ. ಸುಳ್ಳು ಅಂದ್ರಲ್ಲ, ನೋಡ್ಕಳಿ. ನಾನು ಸುಳ್ಳಾ?"

"ಅಯ್ಯೋ, ಮಾನ ಕಳದ್ಯಲ್ಲೇ!" ಮಲ್ಲಮ್ಮ ಹಣೆ ಚಚ್ಚಿಕೊಂಡಳು.

"ಕೂಸ್ ಕಟ್ಕೊಂಡು ಬಾವಿಗ್ ಬಿದ್ದಿದ್ರೆ ಮಾನ ಉಳೀತಿತ್ತಾ ಅತ್ತೆ?" ಭಾನು ದನಿ ತಗ್ಗಿಸಲಿಲ್ಲ. "ಓಡ್ಸುದ್ರೆ ಓಡ್ಸಿ. ಮಾತ್ರೆ ಬುಡಕಿಲ್ಲ, ಕೂಸ್ನೂ ಬುಡಕಿಲ್ಲ."

ಮಲ್ಲಮ್ಮ ಹೊರಟುಹೋಗುತ್ತಾಳೆಂದೇ ಎಲ್ಲರೂ ಅಂದುಕೊಂಡರು. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಅಲ್ಲೇ ನಿಂತಳು.

"ಕುಮಾರಿ ಅಂತ ಬರ್ಕಳಿ ನಂದ."

"ಚಾಮುಂಡಿ. ಅರವತ್ತು ನಂದೇ ಕಣಪ್ಪ. ಇನ್ನೂ ಜಾಸ್ತಿನೇ ಆಗಿರ್ಬೇಕು."

ಹೆಸರುಗಳು ಬಂದವು. ಕೆಲವರ ಗಂಡಂದಿರು ನೆಲ ನೋಡಿದರು, ಒಬ್ಬ ಉಗಿದು ಹೊರಟುಹೋದ. ಸಿದ್ದಾರ್ಥ ಬರೆದ. "ಹೆಬ್ಬೆಟ್ಟು ಬೇಕಿತ್ತು. ಪ್ಯಾಡು ತಂದಿಲ್ಲ" ಎಂದ.

"ಅಷ್ಟೇಯಾ?" ಕುಮಾರಿ ಗುಂಡಿಯ ಅಂಚಿನ ಹಸಿ ಕೆಮ್ಮಣ್ಣಿಗೆ ಹೆಬ್ಬೆಟ್ಟು ಒತ್ತಿ ಚೀಟಿಗೆ ಒತ್ತಿದಳು. ಉಳಿದವರೂ ಒತ್ತಿದರು. ಏಳನೇ ಕ್ಲಾಸು ಓದಿದ್ದ ಭಾನು ಪೆನ್ನು ಮುಟ್ಟದೆ ಹೆಬ್ಬೆಟ್ಟನ್ನೇ ಒತ್ತಿದಳು.

ಏಳಾಯಿತು. ಎರಡು ಚೀಟಿ ಉಳಿದವು. ಒಂದು ಮಣ್ಣೊಳಗೆ ಮಲಗಿದವಳದು. ಇನ್ನೊಂದು ಯಾರದೆಂದು ಏಳು ಮಂದಿಗೂ ಗೊತ್ತಿತ್ತು. ಯಾರೂ ಅತ್ತ ತಿರುಗಲಿಲ್ಲ. ಗುಂಪಿನ ಕೊನೆಯಲ್ಲಿ ಒಬ್ಬಳು ಸೆರಗು ಕಚ್ಚಿಕೊಂಡು ನಿಂತೇ ಇದ್ದಳು.

ಸಿದ್ದಾರ್ಥ ಮೊದಲಿನದರ ಮೇಲೆ ಗೆರೆ ಎಳೆದ. ಎರಡನೆಯದಕ್ಕೂ ಪೆನ್ನು ಊರಿದಾಗ ಭಾನು ಮಣ್ಣು ಮೆತ್ತಿದ ಕೈಯನ್ನು ಅಡ್ಡ ಇಟ್ಟಳು.

"ಅದೊಂದು ಹಂಗೇ ಇರ್ಲಿ ಸಾರ್. ನಿಂಗವ್ವನ ಎಸ್ರು ಇನ್ನೊಬ್ಬಳಿಗೆ ಬೇಕು."

"ಸತ್ತೋರ ಹೆಸರಲ್ಲಿ ಹೆಂಗಮ್ಮ ಮಾತ್ರೆ ಕೊಡೋದು?"

ಭಾನು ಕೈ ತೆಗೆಯಲಿಲ್ಲ. ಸಿದ್ದಾರ್ಥ ಪೆನ್ನಿನ ಮುಚ್ಚಳ ಹಾಕಿ, ಚಿಕ್ಕನಿಂಗಮ್ಮ ಎಂದಿದ್ದ ಆ ಚೀಟಿಯನ್ನು ಮಣ್ಣು ಹೆಬ್ಬೆಟ್ಟಿನ ಏಳು ಚೀಟಿಗಳ ನಡುವೆ ತೂರಿಸಿ ಚೀಲಕ್ಕಿಟ್ಟ.