ಸಿರಾಜುನ್ನಿಸಾಳ ದನಿ

ಅರವತ್ತೆರಡನೆಯ ಇಸವಿ. ದಾಂಡೇಲಿಯ ನಮ್ಮ ಶಾಲೆಯ ಹೆಡ್‌ಮಾಸ್ತರ ಬಸಲಿಂಗಯ್ಯನವರಿಗೆ ಒಂದೇ ಹುಚ್ಚು: ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂತವರು ಯಾರೂ ನಪಾಸಾಗಬಾರದು. ಅದಕ್ಕವರು ಕಂಡುಕೊಂಡ ಹಾದಿ ಬಲು ಸುಲಭದ್ದು. ನಪಾಸಾಗುವಂಥವರನ್ನು ಪರೀಕ್ಷೆಗೆ ಕೂಡಿಸುತ್ತಲೇ ಇರಲಿಲ್ಲ. ಆ ಸಲ ಅವರ ಕಣ್ಣು ನಾನು ಕಲಿಸುತ್ತಿದ್ದ ಏಳನೆಯ ಇಯತ್ತೆಯ ಸಿರಾಜುನ್ನಿಸಾಳ ಮೇಲೆ ಬಿತ್ತು.

"ಅಕ್ಕೋರ, ಆ ಹುಡುಗಿಗೆ ಓದಾಕ ಬರಂಗಿಲ್ಲ. ಎದ್ದು ನಿಂತರ ತುಟಿ ಅಷ್ಟ ಅಲ್ಲಾಡ್ತಾವ. ಮನ್ಯಾಗ ರೊಟ್ಟಿ ಬಡಕೋತ ಇರಲಿ ಬಿಡ್ರಿ."

ನನಗೆ ಮೈಯೆಲ್ಲ ಉರಿಯಿತು. "ಬಿಡಂಗಿಲ್ರಿ. ಮುಂದಿನ ಸೋಮವಾರ ನಿಮ್ಮ ಮುಂದನ ಓದಸ್ತೇನಿ. ಕೇಳಿ ಆಮ್ಯಾಲೆ ಮಾತಾಡ್ರಿ" ಎಂದೆ.

ಮಧ್ಯಾಹ್ನ ಅವಳ ಮನೆಗೆ ಹೋದೆ. ಕಾಗದದ ಗಿರಣಿಯ ಸಾಲುಮನೆ, ಒಂದೇ ಖೋಲಿ. ತಾಯಿ ಸಕೀನಾ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಹೊರಗೆ ಬಂದಳು. ಒಳಗೆ ಗಂಡ ರಾಜೇಸಾಬ ರಾತ್ರಿ ಪಾಳಿ ಮುಗಿಸಿ ಮಲಗಿದ್ದ.

"ಇವರ ನಿದ್ದಿ ಕೆಟ್ರ ರಾತ್ರಿ ಮಶೀನಿನ್ಯಾಗ ಕೈ ಹೋಗ್ತದ್ರಿ. ಅದಕ್ಕ ಮಗಳಿಗೆ ಸಣ್ಣಾಕಿದ್ದಾಗಿಂದ ಸಪ್ಪಳ ಮಾಡಗೊಟ್ಟಿಲ್ಲ."

ಹುಡುಗಿಯನ್ನು ಓಣಿಗೆ ಕರೆದು ಪಾಠದ ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಉತ್ತರ ಕೊಟ್ಟಳು, ಪಿಸುಮಾತಿನಲ್ಲಿ. ದಡ್ಡಿಯಂತೆ! ಅವಳಿಗೆ ಓದು ಬರುತ್ತಿತ್ತು, ದನಿಯೊಂದೇ ಇರಲಿಲ್ಲ.

ಅಂದಿನಿಂದ ದಿನಾ ಸಂಜೆ ಅವಳನ್ನು ಗಿರಣಿಯ ಬೇಲಿಯ ಹತ್ತಿರ ನಿಲ್ಲಿಸಿದೆ. ಒಳಗೆ ಬಿದಿರು ಕೊಚ್ಚುವ ಯಂತ್ರ ಗರ್ಜಿಸುತ್ತಿತ್ತು. ನಾನು ಅಷ್ಟು ದೂರ ನಿಂತು, "ನನಗ ಕೇಳಬೇಕು, ಓದು" ಎಂದೆ. ಅತ್ತಳು. ಬೈದೆ. ಮತ್ತೆ ಓದಿಸಿದೆ.

ಬಿದಿರಿನ ಲಾರಿಯ ಉಳವಪ್ಪ ನಕ್ಕ. "ಅಕ್ಕೋರ, ಮಶೀನಿಗೆ ಸಾಲಿ ಕಲಸಾಕತ್ತೀರೇನ್ರಿ?"

"ಹೌದಪ್ಪ. ನಮ್ಮ ಹೆಡ್‌ಮಾಸ್ತರಗಿಂತ ಅದಕ್ಕ ಲಗೂನ ತಿಳೀತೈತಿ."

ಸೋಮವಾರ ಬಸಲಿಂಗಯ್ಯನವರು ನಾನು ಕಲಿಸದ ಪಾಠವನ್ನೇ ಹುಡುಕಿ ತೆಗೆದುಕೊಟ್ಟರು. ಹುಡುಗಿ ಎದ್ದಳು. ತುಟಿ ಆಡಿದವು, ದನಿಯಿಲ್ಲ. ಗದ್ದಲದಲ್ಲಿ ಓದಲು ಕಲಿಸಿದ್ದೆ, ಈ ಖೋಲಿಯಲ್ಲೋ ಸಪ್ಪಳವೇ ಇರಲಿಲ್ಲ.

"ನೋಡಿದ್ರ್ಯಾ?" ಎಂದು ಅವರು ಪುಸ್ತಕಕ್ಕೆ ಕೈ ಚಾಚಿದರು.

ಅಷ್ಟರಲ್ಲಿ ಗಿರಣಿಯ ಹನ್ನೆರಡರ ಭೋಂಗಾ ಕೂಗಿತು. ಅದು ಕೂಗುವಾಗ ನಮ್ಮೂರಲ್ಲಿ ಮಾಸ್ತರರೂ ಪಾಠ ನಿಲ್ಲಿಸುತ್ತಾರೆ. ಸಿರಾಜುನ್ನಿಸಾ ಪುಸ್ತಕ ಬಿಡಲಿಲ್ಲ. ಬೇಲಿಯ ಹತ್ತಿರ ಓದಿದ ಹಾಗೆಯೇ, ಕತ್ತಿನ ನರ ಉಬ್ಬಿಸಿ ಓದತೊಡಗಿದಳು. ಭೋಂಗಾ ನಿಂತಿತು. ಖೋಲಿಯಲ್ಲಿ ಅವಳ ದನಿಯೊಂದೇ ಉಳಿಯಿತು. ಅದು ತನ್ನದೇ ಎಂದು ಗೊತ್ತಾಗಿ ಬೆಚ್ಚಿ ನನ್ನನ್ನು ನೋಡಿದಳು. ನಾನು "ಹೂಂ" ಎಂದೆ. ಮತ್ತೆ ಓದಿದಳು.

ಬಸಲಿಂಗಯ್ಯನವರು ಕನ್ನಡಕ ತೆಗೆದರು. "ಸಾಕವ್ವಾ, ಕೂಡ್ರು. ಪರೀಕ್ಷಾಕ್ಕ ಕೂಡಸೂಣು."

"ಇನ್ನೂ ಮುಗದಿಲ್ರಿ ಸರ" ಎಂದು ಹುಡುಗಿ ಹಾಳೆ ತಿರುವಿದಳು.