‘ಅವ್ವ’ನನ್ನು ತಿದ್ದಿದ ಸಾಲು

ಹೆಸರು ಬರೆಯುವುದಕ್ಕೂ ಬುದ್ಧಿ ಬೇಕು. ಅದಿಲ್ಲದವರ ಕೈಗೆ ರಕ್ತನಿಧಿಯ ಸಾಫ್ಟ್‌ವೇರ್ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡೆ.

ನಾನು ಕೀರ್ತನಾ. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಹಾಸ್ಟೆಲ್ ಮಹಡಿಯ ಮೇಲಿರುವ ಸಣ್ಣ ಕಂಪನಿಯಲ್ಲಿ ಕೋಡ್ ಬರೆಯುತ್ತೇನೆ. ಸುತ್ತಲಿನ ನರ್ಸಿಂಗ್ ಹೋಮುಗಳಿಗೂ ರಕ್ತನಿಧಿಗೂ ಸಾಫ್ಟ್‌ವೇರ್ ನಮ್ಮದೇ. ಶನಿವಾರ ಬೆಳಿಗ್ಗೆ ಹರಿಹರದ ನರ್ಸಿಂಗ್ ಹೋಮಿನಿಂದ ನಿಂಗರಾಜು ಎಂಬವರು, ರಕ್ತದ ಚೀಟಿಯ ಕೆಳಗಿದ್ದ ನಮ್ಮ ನಂಬರ್ ನೋಡಿ ಫೋನ್ ಮಾಡಿದರು.

“ಮೇಡಂ, ನಮ್ಮವ್ವನ ಹೆಸ್ರು ಅಂಜಿನವ್ವ, ಭಾನುವಳ್ಳಿಯೋರು. ಸೊಂಟ ಮುರ್ದೈತೆ, ರಕ್ತ ಏರಿಸ್ದೆ ಆಪರೇಷನ್ ಮಾಡಂಗಿಲ್ಲಂತೆ. ರಕ್ತ ಏನೋ ಬಂದೈತೆ, ಚೀಟಿ ಮ್ಯಾಲೆ ಅಂಜಿನಮ್ಮ ಅಂತೈತೆ. ಬ್ಯಾರೆಯೋರ್ದು ಅಂತ ನರ್ಸಮ್ಮ ಮುಟ್ತಿಲ್ಲ.”

ನರ್ಸ್ ಮಾಡಿದ್ದು ಸರಿಯೇ. ರೋಗಿಯ ಕೈಪಟ್ಟಿಯಲ್ಲೊಂದು ಹೆಸರು, ರಕ್ತದ ಚೀಲದ ಮೇಲೊಂದು ಹೆಸರು ಇದ್ದರೆ ಯಾರು ತಾನೇ ಸೂಜಿ ಚುಚ್ಚುತ್ತಾರೆ?

ಕೋಡ್ ತೆರೆದೆ. ರೋಗಿಯ ಹೆಸರನ್ನು ಅಕ್ಷರದಲ್ಲಿ ತೋರಿಸುವ ಕೆಲಸ ಒಂದೇ ಕಡೆ ಇರಬೇಕಿತ್ತು. ಇಲ್ಲಿ ಕೈಪಟ್ಟಿಗೊಂದು, ಬಿಲ್ಲಿಗೊಂದು, ಚೀಲದ ಚೀಟಿಗೆ ಮತ್ತೊಂದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುವ ಹಾಗೆ. ಚೀಟಿಯ ಕೋಡಿನಲ್ಲಂತೂ ಹೆಸರಿನ ಕೊನೆಯ ‘ವ್ವ’ ಹುಡುಕಿ ‘ಮ್ಮ’ ಮಾಡುವ ಸಾಲೊಂದು ಕೂತಿತ್ತು. ಬರೆದವರು ನಮ್ಮ ಕಂಪನಿಯ ಯಜಮಾನರು, ಮಹಾಂತೇಶ್. ನನಗೆ ಮೈಯೆಲ್ಲ ಉರಿದುಹೋಯಿತು.

“ಇದ್ಯಾಕೆ ಸರ್ ಹಿಂಗೆ?” ಎಂದೆ.

“ಅವ್ವ ಅಂದ್ರೆ ಹಳ್ಳಿ ಥರ ಕಾಣ್ತೈತಲ್ಲಮ್ಮ. ಮರ್ಯಾದೆ ಇರ್ಲಿ ಅಂತ ಹಾಕಿದ್ದೆ. ತೋರ್ಸೋ ಹೆಸ್ರು ತಾನೆ, ಒಳಗಿನ ರೋಗಿ ನಂಬರ್ ಒಂದೇ ಐತೆ. ಸೋಮವಾರ ನೋಡನ ಬಿಡು.”

“ನರ್ಸ್ ಒಳಗಿಂದು ನೋಡ್ತಾರಾ ಸರ್? ತೋರ್ಸಿದ್ದನ್ನ ತಾನೆ ಓದೋದು. ನೀವು ಮನ್ಯಾಗೆ ತಾಯೀನ ಏನಂತ ಕರೀತೀರಿ?”

ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ, “ಅವ್ವ ಅಂತ,” ಎಂದರು.

ಮನೆಯಲ್ಲಿ ಅವ್ವ, ಪರದೆಯ ಮೇಲೆ ನಾಚಿಕೆ! ಹೆತ್ತವರು ಇಟ್ಟ ಹೆಸರನ್ನು ತಿದ್ದಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಅಲ್ಲಿ ಮುದುಕಿ ಮುರಿದ ಸೊಂಟ ಇಟ್ಟುಕೊಂಡು ಮಲಗಿರುವಾಗ ಇವರಿಗೆ ಸೋಮವಾರ ಬೇಕಂತೆ. ನಾನು ಅವರ ಒಪ್ಪಿಗೆಗೆ ಕಾಯಲಿಲ್ಲ. ಆ ಸಾಲನ್ನು ಅಳಿಸಿದೆ. ಹೆಸರು ಹೇಳುವ ಹಕ್ಕನ್ನು ರೋಗಿಯ ದಾಖಲೆಯೊಂದಕ್ಕೇ ಕೊಟ್ಟು, ಉಳಿದವೆಲ್ಲ ಅದನ್ನು ಕೇಳಿಯೇ ಬರೆಯುವಂತೆ ಮಾಡಿದೆ. ಓಬವ್ವ, ಗುರುಶಾಂತಮ್ಮ, ಯಾರ ಹೆಸರು ಕೊಟ್ಟು ನೋಡಿದರೂ ಎಲ್ಲ ಕಡೆ ಇದ್ದದ್ದು ಇದ್ದ ಹಾಗೆ ಬಂತು. ರಕ್ತನಿಧಿಯವರು ಮತ್ತೊಮ್ಮೆ ತಾಳೆ ನೋಡಿ, ಸರಿಯಾದ ಚೀಟಿ ಅಂಟಿಸಿ ಬೇರೆ ಚೀಲ ಕಳಿಸಿದರು.

ಮಧ್ಯಾಹ್ನ ನಿಂಗರಾಜು ಮತ್ತೆ ಫೋನ್ ಮಾಡಿದರು. ಮಹಾಂತೇಶ್‌ಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ರಕ್ತ ಏರಿಸ್ತಾ ಅದಾರೆ ಮೇಡಂ. ಆದ್ರೆ ನಮ್ಮವ್ವ ಬೆಳಿಗ್ಗಿಂದ ಒಂದೇ ಸಮ ಕೇಳ್ತಾ ಐತೆ. ಆ ಅಂಜಿನಮ್ಮ ಯಾರೋ ಪಾಪ, ಆಕಿ ರಕ್ತ ನನ್ ಹತ್ರ ಬಂದ್ಬಿಟ್ಟಿತ್ತು, ಆಕಿಗೆ ಸಿಕ್ತಾ ಇಲ್ವಾ ಅಂತ. ಏನ್ ಹೇಳ್ಲಿ?”

ನಾನು ಫೋನನ್ನು ಮಹಾಂತೇಶ್ ಮುಂದೆ ಸರಿಸಿದೆ.

“ನೀವೇ ಹೇಳ್ರಿ ಸರ್.”