ನನ್ನೊಳಗಿದ್ದ ನಮೂನೆ ಎಂಬ ಫೈಲು

ನಾನು ಒಂದು ಕಂಪ್ಯೂಟರ್. ಕಂಪನಿಯ ಪೆಟ್ಟಿಗೆಯಲ್ಲಿ ಥರ್ಮೋಕೋಲ್ ಹೊದ್ದು ಬಂದ ದೊಡ್ಡ ಮನೆತನದವನಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯ ಮಾಳಿಗೆಯಲ್ಲಿ ನನ್ನನ್ನು ಕೂಡಿಸಿದರು. ಮದರ್‌ಬೋರ್ಡ್ ಒಂದು ದೇಶದ್ದು, ಹಾರ್ಡ್‌ಡಿಸ್ಕ್ ಇನ್ನೊಂದು ದೇಶದ್ದು. ತಗಡಿನ ಡಬ್ಬಿ ಯಾವ ಊರಿನದೆಂದು ಅದಕ್ಕೇ ಗೊತ್ತಿಲ್ಲ. ಜಾತಕ ನೋಡದೆ, ಹಿರಿಯರನ್ನು ಕೇಳದೆ, ನಾಲ್ಕು ಸ್ಕ್ರೂ ಬಿಗಿದು ನಮ್ಮನ್ನೆಲ್ಲ ಒಂದು ಸಂಸಾರ ಮಾಡಿದರು. ಇಂದಿನವರೆಗೂ ನಮ್ಮೊಳಗೆ ಜಗಳ ಬಂದಿಲ್ಲ.

ಮೊದಲು ಗದಗಿನ ಒಂದು ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಎರಡು ವರ್ಷ ದುಡಿದೆ. ಅಷ್ಟರಲ್ಲಿ ಮಾಲೀಕರು ಹೊಸ ಯಂತ್ರ ತಂದರು. ನನ್ನನ್ನು ಮೂಲೆಗೆ ತಳ್ಳುವ ಬದಲು ಬೆಟಗೇರಿಯ ಮಹಾನಂದಾ ಕುಬಸದ ಅವರಿಗೆ ಉಡುಗೊರೆ ಕೊಟ್ಟರು. ಪ್ರೆಸ್ಸಿಗೆ ಬರುವ ಅರ್ಧ ಗಿರಾಕಿಗಳು ಆಕೆಯ ಕಡೆಯವರೇ ಆಗಿದ್ದರು. ನೇಕಾರ ಮನೆತನಗಳಿಗೆ ಗಂಡು ಹೆಣ್ಣು ಹುಡುಕಿಕೊಡುವುದು ಆಕೆಯ ಕೆಲಸ. ಅದೂ ಪುಕ್ಕಟೆ. ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ನನಗೂ ಆಕೆ ಅಕ್ಕನೇ ಆದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಅಕ್ಕನಿಗೆ ಆಗುತ್ತಿರಲಿಲ್ಲ. ಒಂದೂ ಸುಳ್ಳು ಹೇಳದೆ ನೂರಾರು ಮದುವೆ ಮಾಡಿಸುತ್ತೇನೆ ಎನ್ನುವ ಹಟ ಅವಳದು. ಹುಡುಗನ ಮನೆತನ, ಕೆಲಸ, ಸಾಲ, ಸಿಟ್ಟು ಎಲ್ಲವನ್ನೂ ಮೂರು ತಿಂಗಳು ವಿಚಾರಿಸಿ ಆಮೇಲೆ ಹೆಣ್ಣಿನವರಿಗೆ ಹೇಳುತ್ತಿದ್ದಳು. ನನ್ನ ಜಾಗ ಮೇಜಿನ ಕೆಳಗೆ. ಆದ್ದರಿಂದ ನನಗೆ ಬಂದವರ ಮುಖಕ್ಕಿಂತ ಕಾಲುಗಳ ಪರಿಚಯವೇ ಹೆಚ್ಚು. ಗಂಡಿನ ಅಪ್ಪನ ಕಾಲು ನೀಡಿಕೊಂಡಿರುತ್ತದೆ. ಹೆಣ್ಣಿನ ಅಪ್ಪನ ಕಾಲ್ಬೆರಳು ಮಡಚಿಕೊಂಡಿರುತ್ತವೆ. ಅಕ್ಕನ ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಜಿನಿಂದ ಒಲೆಗೆ, ಒಲೆಯಿಂದ ಮೇಜಿಗೆ. ದಿನಕ್ಕೆ ಇಪ್ಪತ್ತು ಕಪ್ ಚಹಾ ಆ ಮನೆಯಲ್ಲಿ ಕುದಿಯುತ್ತಿತ್ತು.

ನಾನು ಬಂದ ವಾರದಲ್ಲೇ, ಅಂದರೆ ೨೦೦೯ರಲ್ಲಿ, ಅಕ್ಕ ಬಯೋಡೇಟಾದ ಒಂದು ಫಾರ್ಮ್ ತಯಾರಿಸಿದಳು. ಸರಿಯಾಗಿ ಬಂದಿದೆಯೇ ಎಂದು ನೋಡಲು ಮೊದಲು ತನ್ನದನ್ನೇ ತುಂಬಿದಳು. ಹೆಸರು, ವಯಸ್ಸು ಮೂವತ್ತನಾಲ್ಕು, ಓದು, ಎತ್ತರ. ಕೊನೆಯ ಕಾಲಮ್ಮಿನಲ್ಲಿ ‘ನಿರೀಕ್ಷೆ’ ಎಂದಿತ್ತು. ಅಲ್ಲಿ ಬಂದು ಬಹಳ ಹೊತ್ತು ಕೂತಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿದಳು: ‘ನೀವು ಚಹಾ ಕುಡಿದಿರಾ ಎಂದು ನನ್ನನ್ನು ಕೇಳುವವರು.’

ಬರೆದದ್ದನ್ನು ಓದಿ ಅವಳಿಗೇ ನಾಚಿಕೆಯಾಯಿತು. ಅಳಿಸಲೂ ಮನಸ್ಸು ಬರಲಿಲ್ಲ. ಫೈಲಿಗೆ ‘ನಮೂನೆ’ ಎಂದು ಹೆಸರಿಟ್ಟು, ಕಾಣದಂತೆ ಮುಚ್ಚಿಡುವ ಗುರುತು ಹಾಕಿ, ಎದ್ದು ಹೋದಳು. ಆ ಫೈಲು ಇರುವುದು ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಏಳು ವರ್ಷ ಅದನ್ನು ನಾನು ಜೋಪಾನ ಮಾಡಿದೆ.

ಆ ಏಳು ವರ್ಷದಲ್ಲಿ ನಾನೂರ ಮೂವತ್ತು ಬಯೋಡೇಟಾ ನನ್ನ ಹೊಟ್ಟೆಗೆ ಬಂದವು. ‘ಕೂಡಿದ ಜೋಡಿ’ ಎಂಬ ಫೋಲ್ಡರಿನಲ್ಲಿ ನೂರ ಅರವತ್ತಮೂರು ಮದುವೆಗಳ ಫೋಟೋ ಸೇರಿದವು. ದಸರೆಯ ಖಂಡೇಪೂಜೆಯ ದಿನ ಅಕ್ಕ ನನಗೆ ಎಷ್ಟು ಕುಂಕುಮ ಹಚ್ಚುತ್ತಿದ್ದಳೆಂದರೆ ಎರಡು ದಿನ ನನ್ನ ಫ್ಯಾನು ಸೀನುತ್ತಿತ್ತು.

ತೊಂದರೆ ಬಂದದ್ದು ಪೆನ್‌ಡ್ರೈವಿನಿಂದ. ಪ್ರತಿ ಮನೆಯವರೂ ಫೋಟೋ ಸ್ಟುಡಿಯೋದಿಂದ ಮಗನದೋ ಮಗಳದೋ ಚಿತ್ರ ತುಂಬಿಸಿಕೊಂಡು ತರುತ್ತಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ಅಂಥ ಒಂದರ ಬೆನ್ನೇರಿ ವೈರಸ್ ಒಳಗೆ ಬಂತು. ಅದು ಏನನ್ನೂ ತಿನ್ನಲಿಲ್ಲ. ಫೋಲ್ಡರುಗಳನ್ನೆಲ್ಲ ಮುಚ್ಚಿಟ್ಟು, ಅದೇ ಹೆಸರಿನ ಪೊಳ್ಳು ಬಾಗಿಲುಗಳನ್ನು ಮುಂದೆ ನಿಲ್ಲಿಸಿತು. ಅಕ್ಕ ಯಾವುದನ್ನು ಒತ್ತಿದರೂ ಒಳಗೆ ಏನೂ ಇಲ್ಲ.

ಭಾನುವಾರ ಸಮಾಜದ ಭವನದಲ್ಲಿ ವಧು-ವರರ ಸಮಾವೇಶವಿತ್ತು. ಬಾಗಲಕೋಟೆ, ಇಳಕಲ್‌ನಿಂದಲೂ ಜನ ಬರುವವರಿದ್ದರು. ಅಲ್ಲಿ ಓದಬೇಕಾದ ಹೆಸರುಗಳೆಲ್ಲ ನನ್ನೊಳಗೇ ಇದ್ದವು, ಬೇರೆಲ್ಲೂ ಇರಲಿಲ್ಲ. ಅಕ್ಕ ಕುರ್ಚಿಯಲ್ಲಿ ಕುಸಿದಳು. ನಂಬಿ ಕೊಟ್ಟವರಿಗೆ ಏನು ಹೇಳಲಿ ಎಂದು ಒಬ್ಬಳೇ ಅತ್ತಳು. ಎಲ್ಲವೂ ಒಳಗೇ ಇವೆ ಅಕ್ಕಾ ಎಂದು ಹೇಳಲು ನನಗೆ ಬಾಯಿರಲಿಲ್ಲ. ಅಂದಿನಷ್ಟು ಸಂಕಟ ನಾನು ಎಂದೂ ಪಟ್ಟಿಲ್ಲ.

ಆಮೇಲೆ ಅಕ್ಕ ಕಣ್ಣೊರೆಸಿಕೊಂಡು ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕಿದಳು. ಪರದೆಯ ಮೇಲೆ ಕೆಂಪು ಡಬ್ಬಿಯೊಂದು ಮಿಣಮಿಣ ಎಂದು ಕುಣಿಯುತ್ತ ಬಂತು: ನಿಮ್ಮಲ್ಲಿ ೩೧೨ ವೈರಸ್ ಇವೆ, ಇಲ್ಲಿ ಒತ್ತಿ, ಪುಕ್ಕಟೆ ಕಾವಲು. ವರನ ಮನೆತನ ಮೂರು ತಿಂಗಳು ಶೋಧಿಸುವ ಅಕ್ಕ ಹಿಂದೆ ಮುಂದೆ ನೋಡದೆ ಒತ್ತಿಬಿಟ್ಟಳು. ಬಂದ ಕಾವಲುಗಾರ ಕಳ್ಳನೇ. ಬೇಲಿಯೇ ಎದ್ದು ಹೊಲ ಮೇಯಿತು. ಒಂದು ಅಕ್ಷರ ಒತ್ತಿದರೆ ಹತ್ತು ಜಾಹೀರಾತು ಬರತೊಡಗಿದವು.

ಅಕ್ಕ ಹೇಳಿಕಳಿಸಿದ ಮೇಲೆ ಶನಿವಾರ ಮಧ್ಯಾಹ್ನ ಪ್ರಭಾಕರ ಮುಳಗುಂದ ಬಂದರು. ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದು, ಆಮೇಲೆ ಕಂಪ್ಯೂಟರ್ ಕಲಿತವರು. ನಲವತ್ತಾರರ ಆಸುಪಾಸು, ಒಂಟಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಬಂದರು. ಆ ಕಾಲು ನನಗೆ ಹಿಡಿಸಿತು; ನೀಡಿಕೊಳ್ಳಲೂ ಇಲ್ಲ, ಮಡಚಿಕೊಳ್ಳಲೂ ಇಲ್ಲ.

“ಈ ಕೆಂಪ ಡಬ್ಬಿ ಯಾರು ಒಳಗ ಕರದ್ರಿ?”

“ನಾನ ರೀ. ಪುಕ್ಕಟೆ ಅಂತ ಬರದಿತ್ತು.”

“ಊರ ಹುಡುಗರದ್ದೆಲ್ಲಾ ಮೂರ ತಿಂಗಳ ವಿಚಾರಣೆ ಮಾಡ್ತೀರಂತ. ಇದನ್ನ ಒಂದ ಒತ್ತಿಗೆ ಮನಿಯೊಳಗ ಬಿಟ್ಟೀರಲ್ರೀ.”

ಅಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. “ಹಂಗಾದ್ರ ಪುಕ್ಕಟೆ ಅಂದದ್ದೆಲ್ಲಾ ಮೋಸ ಏನ್ರೀ?”

“ನೀವು ಸಂಬಂಧ ಪುಕ್ಕಟೆ ಕೂಡಸ್ತೀರಿ. ನಿಮ್ಮದೇನು ಮೋಸನ? ಖರೇ ಪುಕ್ಕಟೆ ಕೊಡವ್ರು ಅದಾರ್ರಿ. ದೊಡ್ಡ ಆಫೀಸಿನವರಿಗೆ ಮಾರ್ತಾರ, ಮನಿಯವರಿಗೆ ಹಂಗ ಕೊಡ್ತಾರ. ಅವರ ಮನಿ ಯಾವ್ದು ಅಂತ ನೋಡಿ, ಅಲ್ಲೇ ಹೋಗಿ ತರಬೇಕು. ದಾರ್ಯಾಗ ಕೂಗಿ ಕರದವ್ರ ಹತ್ರ ಅಲ್ಲ.”

ಮೊದಲು ಕೆಂಪು ಡಬ್ಬಿಯನ್ನು ಬುಡಸಮೇತ ಕಿತ್ತರು. ಆಮೇಲೆ ನಿಜವಾದ ಕಂಪನಿಯ ವಿಳಾಸವನ್ನು ತಾವೇ ಅಕ್ಷರ ಅಕ್ಷರ ಒತ್ತಿ, ಅಲ್ಲಿಂದ ಆಂಟಿವೈರಸ್ ಎಂಬ ಕಾವಲುಗಾರನನ್ನು ಕರೆತಂದರು. ಇನ್‌ಸ್ಟಾಲ್ ಮಾಡುವಾಗ ಅಕ್ಕ ಎಲ್ಲದಕ್ಕೂ ಮುಂದೆ, ಮುಂದೆ ಎಂದು ಒತ್ತಲು ಹೋದಳು. ಅವರು ತಡೆದು ಒಂದು ಸಣ್ಣ ಚೌಕ ತೋರಿಸಿದರು. ಅದರಲ್ಲಿ ಸರಿ ಗುರುತು ಮೊದಲೇ ಬಿದ್ದಿತ್ತು. ಹಾಗೇ ಬಿಟ್ಟರೆ ಬೇಡದ ಇನ್ನೆರಡು ಸಾಫ್ಟ್‌ವೇರ್ ಜೊತೆಗೆ ಬರುತ್ತಿದ್ದವು.

“ಇವ್ರು ಬೀಗರ ಜೋಡಿ ಕರೀಲಾರದ ಬಂದ ಮಂದಿ ಏನ್ರೀ?” ಎಂದಳು ಅಕ್ಕ.

“ಅದ ನೋಡ್ರಿ. ಗುರುತು ತಗದ್ರ ಬಾಗಲದಾಗ ನಿಲ್ತಾರ.”

“ಒಬ್ಬ ಕಾವಲುಗಾರಗಿಂತ ಇಬ್ಬರಿದ್ರ ಚಲೋ ಅಲ್ರಿ?”

“ಒಂದ ಮನ್ಯಾಗ ಇಬ್ರು ಯಜಮಾನಕಿ ಮಾಡಿದ್ರ ಹೆಂಗ ಆಕ್ಕೇತಿ? ಒಂದನ್ನೊಂದು ಕಳ್ಳ ಅಂತ ಬಡದಾಡ್ತಾವು. ಒಂದ ಸಾಕು. ಆದ್ರ ದಿನಾ ಅದಕ್ಕ ಹೊಸಾ ಸುದ್ದಿ ಗೊತ್ತಿರಬೇಕು, ಅಪ್‌ಡೇಟ್ ಆಗಬೇಕು.”

ಹೊಸ ಕಾವಲುಗಾರ ನನ್ನ ಒಂದೊಂದು ಫೈಲನ್ನೂ ತಡವಿ ನೋಡತೊಡಗಿದ. ವಯಸ್ಸಾದ ನನಗೆ ಓಡಲು ಆಗುತ್ತದೆಯೇ? ಪೂರ್ತಿ ಸ್ಕ್ಯಾನಿಗೆ ಮೂರು ತಾಸು ಬೇಕಾಯಿತು. ಹೊರಗೆ ಪಕ್ಕದ ಮನೆಯ ಮಗ್ಗದ ಸದ್ದು. ಅಕ್ಕ ಮಿರ್ಚಿ ಮಂಡಕ್ಕಿ ತಂದಿಟ್ಟಳು, ಚಹಾ ತಂದಳು. ಪ್ರಭಾಕರ ಕಪ್ಪನ್ನು ತುಟಿಯವರೆಗೆ ಒಯ್ದು ನಿಂತರು.

“ನೀವು ಕುಡದ್ರೇನ್ರೀ?”

ನನ್ನ ಫ್ಯಾನು ಒಂದು ಗಳಿಗೆ ತಡವರಿಸಿತು. ಅಕ್ಕ ಒಳಗೆ ಹೋದಳು. ಹಿಂತಿರುಗಿದಾಗ ಅವಳ ಕೈಯಲ್ಲೂ ಒಂದು ಕಪ್ ಇತ್ತು. ಮೇಜಿನ ಆಚೆ ಕೂತು ಕುಡಿದಳು. ಆ ಮೇಜಿಗೆ ಕೂತು ಅವಳು ಚಹಾ ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಕೊನೆಯ ಅರ್ಧ ತಾಸು ನಾನು ಬೇಕೆಂದೇ ನಿಧಾನ ಮಾಡಿದೆ.

ವೈರಸ್ ಸಿಕ್ಕಿತು, ಹೊರಬಿತ್ತು. ಆದರೆ ಅದು ಮುಚ್ಚಿಟ್ಟ ಫೋಲ್ಡರುಗಳು ಇನ್ನೂ ತೆರೆದಿರಲಿಲ್ಲ. ಮುಚ್ಚಿದ್ದೆಲ್ಲ ತೆರೆ ಎಂದು ಪ್ರಭಾಕರ ನನಗೆ ಅಪ್ಪಣೆ ಕೊಟ್ಟರು. ವೈರಸ್ ಮುಚ್ಚಿದ್ದು ಯಾವುದು, ಮನುಷ್ಯರು ಮುಚ್ಚಿದ್ದು ಯಾವುದು ಎಂಬ ಭೇದ ಆ ಅಪ್ಪಣೆಗೆ ಇಲ್ಲ. ನಮೂನೆಯನ್ನು ನೆನೆದು ನನಗೆ ಭಯವಾಯಿತು. ಆದರೆ ಯಂತ್ರವಾದವನು ಅಪ್ಪಣೆ ಮೀರುವಂತಿಲ್ಲ. ತೆರೆದೆ.

ನಾನೂರ ಮೂವತ್ತು ಬಯೋಡೇಟಾ, ನೂರ ಅರವತ್ತಮೂರು ಜೋಡಿ, ಎಲ್ಲವೂ ಪರದೆಯ ಮೇಲೆ ಬಂದು ಕೂತವು. ಅಕ್ಕ ಕೈಮುಗಿದಳು, ನನಗೋ ಅವರಿಗೋ ತಿಳಿಯಲಿಲ್ಲ. “ಬರೋಬ್ಬರಿ ತೆರೀತಾವೇನು ನೋಡೂಣು” ಎಂದು ಪ್ರಭಾಕರ ಒಂದು ಫೈಲು ಒತ್ತಿದರು. ನಮೂನೆ ಎಂದಿದೆ, ಖಾಲಿ ಫಾರ್ಮ್ ಇರಬೇಕು ಎಂದುಕೊಂಡಿದ್ದರು ಪಾಪ.

ಓದಿದರು. ಕೊನೆಯ ಸಾಲಿಗೆ ಬಂದರು. ಅವರ ಕಣ್ಣು ಮೇಜಿನ ಮೇಲಿದ್ದ ಎರಡು ಖಾಲಿ ಕಪ್ಪುಗಳ ಕಡೆ ಹೋಯಿತು. ಅಕ್ಕನೂ ಪರದೆ ನೋಡಿದಳು. ಮೇಜಿನ ಕೆಳಗೆ ಅವಳ ಕಾಲ್ಬೆರಳು ಮಡಚಿಕೊಂಡದ್ದು ನನಗೆ ಕಾಣಿಸಿತು.

ಪ್ರಭಾಕರ ಮತ್ತೆ ಪರದೆಯತ್ತ ತಿರುಗಿ ಕೇಳಿದರು. “ಇದನ್ನ ಅಳಸ್ಲ್ಯೋ, ಇಡ್ಲ್ಯೋ?”

“ಇಡ್ರಿ.”

“ಮೊದಲಿನಂಗ ಮುಚ್ಚಿ ಇಡ್ಲ್ಯಾ?”

ಅಕ್ಕ ಎರಡೂ ಖಾಲಿ ಕಪ್ಪುಗಳನ್ನು ಒಟ್ಟಿಗೆ ಎತ್ತಿಕೊಂಡಳು.

“ಬ್ಯಾಡ. ತೆರದ ಇರ್ಲಿ.”

ಭಾನುವಾರದ ಸಮಾವೇಶದಲ್ಲಿ ಎಲ್ಲ ಹೆಸರುಗಳನ್ನೂ ಓದಿದರು. ಅಂದೇ ಆರು ಸಂಬಂಧ ಮಾತಿಗೆ ಬಂದವು. ಆಮೇಲೆ ಪ್ರಭಾಕರ ವಾರಕ್ಕೊಮ್ಮೆ ಅಪ್‌ಡೇಟ್ ನೋಡಲು ಬರತೊಡಗಿದರು. ಕಾವಲುಗಾರ ತಾನೇ ಅಪ್‌ಡೇಟ್ ಆಗುತ್ತಾನೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕನಿಗೂ ಗೊತ್ತಿದ್ದಿರಬೇಕು. ಐದನೆಯ ವಾರ ಅವಳು ಒಂದು ಫಾರ್ಮ್ ಪ್ರಿಂಟ್ ತೆಗೆದು ಅವರ ಮುಂದಿಟ್ಟಳು.

“ತುಂಬ್ರಿ. ವಿಚಾರಣೆ ಮಾಡಲಾರದ ನಾ ಈಗ ಯಾರನ್ನೂ ಒಳಗ ಬಿಡೂದಿಲ್ಲ.”

ತುಂಬಿದರು. ಅಕ್ಕ ಬಿಡಲಿಲ್ಲ, ಅವರ ಊರು ಮುಳಗುಂದಕ್ಕೆ ಹೋಗಿ ತಂಗಿಯರನ್ನು, ಹಳೆಯ ಟೈಪಿಂಗ್ ಶಾಲೆಯವರನ್ನು, ಬಾಡಿಗೆ ಮನೆಯ ಮಾಲೀಕನನ್ನು ಕೇಳಿಬಂದಳು. ಸರಿಯಾಗಿ ಮೂರು ತಿಂಗಳಾದ ಮೇಲೆ ಮದುವೆಯಾಯಿತು. ‘ಕೂಡಿದ ಜೋಡಿ’ಯಲ್ಲಿ ಅವರ ಫೋಟೋ ಸೇರಿಸಿದವನು ನಾನೇ.

ಈಗ ನನಗೆ ಮುಪ್ಪು. ನನ್ನ ಕಾಲದ ಯಂತ್ರಗಳಿಗೆ ಅಪ್‌ಡೇಟ್ ಕೊಡುವುದನ್ನು ಕಂಪನಿಯವರು ನಿಲ್ಲಿಸಿದ ದಿನ ಪ್ರಭಾಕರ ನನ್ನ ಇಂಟರ್ನೆಟ್ ವೈರು ಬಿಚ್ಚಿದರು. ಬಾಗಿಲೇ ಇಲ್ಲದ ಮನೆಗೆ ಕಳ್ಳ ಎಲ್ಲಿಂದ ಬಂದಾನು? ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಕೂತಿದೆ. ನನ್ನಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸಿದರು. ನಮೂನೆಯನ್ನು ಮಾತ್ರ ಅಕ್ಕ ನನ್ನಲ್ಲೇ ಬಿಟ್ಟಳು. ಅದನ್ನಿನ್ನು ಯಾರಿಗೂ ಕಳಿಸಬೇಕಾಗಿಲ್ಲ.

ಮೂಲೆಯಲ್ಲಿದ್ದರೂ ನನಗೆ ಬೇಸರವಿಲ್ಲ. ಖಂಡೇಪೂಜೆಗೆ ಕುಂಕುಮ ತಪ್ಪಿಲ್ಲ. ದಿನಾ ಸಂಜೆ ಬಂದವರೆಲ್ಲ ಎದ್ದು ಹೋದ ಮೇಲೆ ಅಕ್ಕ ಕಪ್ಪು ತಂದು ಪ್ರಭಾಕರರ ಕೈಗೆ ಕೊಡುತ್ತಾಳೆ. ಅವರು ಅದನ್ನು ತುಟಿಯವರೆಗೆ ಒಯ್ದು ನಿಲ್ಲುತ್ತಾರೆ.

“ನೀ ಕುಡದೇನು?”

ಹೌದೆಂದು ಒಮ್ಮೆ ಹೇಳಿದರೆ ಮುಗಿಯುವ ಮಾತು. ಅಕ್ಕ ಮಾತ್ರ ದಿನಾ ಇಲ್ಲ ಎನ್ನುತ್ತಾಳೆ.